ನೀಲಿ ಪೆನ್ಸಿಲಿನ ಐದು ಗುರುತು

“ಒಂದೇ ಒಂದು ಸಲ ಕೈತಪ್ಪಿದ್ದು ಕಣ್ರೀ. ಅದು ಬಿಟ್ರೆ ನಮ್ಮ ಹೆಪ್ಪಕ್ಕನ ಕೈಗೆ ಸಾಟಿ ಯಾರಿದ್ರು ಹೇಳಿ?” ಎಂದು ಲೇಬಲ್ ವಿಭಾಗದ ಹೆಂಗಸು ಮೂಗೊರೆಸಿಕೊಂಡಳು.

ಮಡಚುವ ಕುರ್ಚಿ ಬಿಡಿಸುತ್ತಿದ್ದ ಮೇಸ್ತ್ರಿಯ ಬೆರಳು ಸಂದಿಗೆ ಸಿಕ್ಕಿಕೊಂಡಿತು. ಆ ಮಾತು ಹುಟ್ಟಿದ್ದು ಅವನ ಬಾಯಲ್ಲೇ. ಹನ್ನೊಂದು ವರ್ಷದ ಹಿಂದೆ ಆಡಿದ್ದು. ವೈನ್ ಕಾರ್ಖಾನೆಯ ತುಂಬ ಬಾಯಿಂದ ಬಾಯಿಗೆ ಓಡಾಡಿ, ಇವತ್ತು ಸತ್ತವಳ ತಲೆದೆಸೆಗೇ ಬಂದು ಕೂತಿತ್ತು.

“ಮೇಸ್ತ್ರಿಗಳನ್ನೇ ಕೇಳಿ, ಅವರಿಗೆ ಗೊತ್ತಿಲ್ವಾ,” ಎಂದಳು ಆ ಹೆಂಗಸು. “ಎಲ್ಲರೂ ಹೆಪ್ಪಕ್ಕನ್ನ ಬೈತಿರೋವಾಗ ಸಮಾಧಾನ ಹೇಳಿದ್ದು ಇವರೊಬ್ರೇ.”

ಮೇಸ್ತ್ರಿ ಇನ್ನೊಂದು ಕುರ್ಚಿಗೆ ಕೈಹಾಕಿದ.

ಪುಟ್ಟ ಮನೆ. ಮುಂದಿನ ಕೋಣೆಯಲ್ಲಿ ಅವಳನ್ನು ಮಲಗಿಸಿದ್ದರು. ನಿನ್ನೆ ಸಂಜೆ ಬಟ್ಟೆ ಮಡಚುತ್ತ ಎದೆ ಹಿಡಿದುಕೊಂಡು ಕೂತವಳು ಏಳಲೇ ಇಲ್ಲವಂತೆ. ಗಂಡ ಬಾಗಿಲಲ್ಲೇ ನಿಂತಿದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಜನ ಹೊಸ್ತಿಲಲ್ಲಿ ಗುಂಪುಗಟ್ಟಿದಾಗೆಲ್ಲ ತನಗೇ ಅರಿವಿಲ್ಲದೆ, “ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ,” ಎನ್ನುತ್ತಿದ್ದ. ಯಾರೂ ನಗಲಿಲ್ಲ. ನಗು ಬಂದವರೂ ಅದನ್ನು ನುಂಗಿಕೊಂಡರು. ಹೆಣ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

“ಮೇಸ್ತ್ರಿ ಮಾವ, ಒಂದ್ನಿಮಿಷ ಅಡುಗೆಮನೆಗೆ ಬರ್ತೀರಾ?” ಎಂದು ಮಗಳು ಬಂದು ಕರೆದಳು. “ನಿಮ್ಮನ್ನ ಒಂದು ವಿಷಯ ಕೇಳಬೇಕು. ಅಮ್ಮ ಇದ್ದಿದ್ರೆ ಅವಳೇ ಕೇಳ್ತಿದ್ಲು.”

*

ವೈನ್ ಮಾಡುವವರಿಗೆ ಮೊದಲ ಹುದುಗು ದೊಡ್ಡ ತಲೆನೋವಲ್ಲ. ದ್ರಾಕ್ಷಿ ರಸಕ್ಕೆ ಯೀಸ್ಟ್ ಬಿದ್ದರೆ ಇದ್ದಬದ್ದ ಸಕ್ಕರೆಯನ್ನೆಲ್ಲ ತಿಂದು, ಬುರುಬುರು ಗಲಾಟೆ ಮಾಡಿ, ತಾನಾಗಿ ತಣ್ಣಗಾಗುತ್ತದೆ. ಪ್ರಾಣ ಹಿಂಡುವುದು ಎರಡನೆಯದು. ನಾಲಿಗೆ ಕಚ್ಚುವ ಹುಳಿಯನ್ನು ಮೆತ್ತಗೆ ಮಾಡುವ ಬ್ಯಾಕ್ಟೀರಿಯಾವನ್ನು ಆಮೇಲೆ ಬಿಡಬೇಕು. ಅಷ್ಟು ಹೊತ್ತಿಗೆ ಟ್ಯಾಂಕಿನೊಳಗೆ ಮದ್ಯಸಾರ, ಹುಳಿ, ಗಂಧಕ, ಸಾಲದ್ದಕ್ಕೆ ಚಳಿ. ಯಾವ ಜೀವಿಗೂ ಬೇಡವಾದ ಜಾಗ.

ಆ ಜಾಗಕ್ಕೆ ಬ್ಯಾಕ್ಟೀರಿಯಾವನ್ನು ಸಜ್ಜು ಮಾಡುವುದು ಅವಳ ಕೆಲಸ. ಹೆಪ್ಪು ಸಾಕುವವಳು ಎಂದು ಹೆಪ್ಪಕ್ಕ ಆದಳು. ಹಾಜರಿ ಪುಸ್ತಕದ ಹೆಸರು ಯಾರಿಗೂ ನೆನಪಿರಲಿಲ್ಲ.

“ಒಟ್ಟಿಗೇ ಸುರಿದುಬಿಟ್ರೆ ಏನಾಗುತ್ತೆ ಹೆಪ್ಪಕ್ಕ? ಕಣ್ಣಿಗೆ ಕಾಣದ ಹುಳ, ಇಷ್ಟೊಂದು ಉಪಚಾರ ಬೇಕಾ?” ಎಂದು ಮೇಸ್ತ್ರಿ ಒಮ್ಮೆ ಕೇಳಿದ್ದ.

“ಮಗೂನ ಬಾವಿಗೆ ಎಸೆದು ಈಜು ಅಂದ್ರೆ ಈಜುತ್ತಾ? ಎಂಟು ದಿನ ಬೇಕು ಮೇಸ್ತ್ರಿ. ಬೆಚ್ಚಗಿಟ್ಟು, ದಿನಕ್ಕೊಂದು ಅಳತೆ ವೈನು. ಇವತ್ತು ಇಷ್ಟು, ನಾಳೆ ಇನ್ನಷ್ಟು. ಅವು ಮೈಮೇಲಿನ ಪೊರೆಯನ್ನ ಬದಲಾಯಿಸಿಕೊಳ್ತವೆ. ಒಳಗೆ ನುಗ್ಗಿದ ಹುಳೀನ ಹೊರಗೆ ದಬ್ಬೋದು ಕಲೀತವೆ. ಕಲಿಯೋಕೆ ಹೊತ್ತು ಬೇಕಲ್ವಾ? ನಿಮಗೆ ಪಂಪು ಬಿಚ್ಚೋಕೆ ಬರೋಕೆ ಎಷ್ಟು ವರ್ಷ ಬೇಕಾಯ್ತು?”

“ಇನ್ನೂ ಬಂದಿಲ್ಲ.”

“ಅದಕ್ಕೇ ಹೇಳಿದ್ದು. ಅವು ನಿಮಗಿಂತ ಜಾಣ,” ಎಂದು ಅವಳು ನಕ್ಕಿದ್ದಳು.

*

ಮಗಳು ಅಡುಗೆಮನೆಯ ಕಪಾಟಿನ ಬಾಗಿಲು ತೆರೆದಳು. ಬಾಗಿಲ ಒಳಮೈಗೆ ಸಾಲಾಗಿ ಹಾಳೆಗಳನ್ನು ಅಂಟಿಸಿತ್ತು. ಪ್ರತಿ ಹಾಳೆಯಲ್ಲೂ ಎಂಟು ಚೌಕ, ಎಂಟು ದಿನ. ಎಲ್ಲಕ್ಕಿಂತ ಮೇಲಿನದು ಹಳದಿಯಾಗಿ, ಅಂಚು ಹರಿದಿತ್ತು. ಮೊದಲ ಮೂರು ಚೌಕದಲ್ಲಿ ಹೆಪ್ಪಕ್ಕನ ಕಪ್ಪು ಶಾಯಿಯ ಗುರುತು. ಉಳಿದ ಐದರಲ್ಲಿ ನೀಲಿ ಪೆನ್ಸಿಲು.

ಮೇಸ್ತ್ರಿಗೆ ತನ್ನ ಕೈಬರಹದ ಗುರುತು ಹಿಡಿಯಲು ಕನ್ನಡಕ ಬೇಕಾಗಲಿಲ್ಲ.

“ಲ್ಯಾಬಿಂದ ತೆಗೆದು ಲೇಬಲ್ ಹಚ್ಚೋಕೆ ಹಾಕಿದ್ರಲ್ಲ, ಆವಾಗ ಈ ಹಾಳೆ ಮನೆಗೆ ತಂದ್ಲು,” ಎಂದಳು ಮಗಳು. “ಆಮೇಲಿಂದ ಪ್ರತಿ ವರ್ಷ ದ್ರಾಕ್ಷಿ ಕಾಲ ಬಂತು ಅಂದ್ರೆ ಸಾಕು, ಅಡುಗೆಮನೆ ತುಂಬ ಜಾಡಿ. ನಮಗೆ ನೀರು ಕುಡಿಯೋಕೆ ಲೋಟ ಸಿಗ್ತಿರಲಿಲ್ಲ. ಈ ಹಾಳೇಲಿ ಹೇಗಿದೆಯೋ ಹಾಗೇ, ಅದೇ ಅಳತೆ, ಅದೇ ದಿನ. ಎಲ್ಲಿ ತಪ್ಪಿದೆ ಅಂತ ಕಂಡುಹಿಡೀತೀನಿ ಅಂತ. ಪ್ರತಿ ಸಲಾನೂ ಸರಿ ಬರ್ತಿತ್ತು ಮಾವ. ಒಂದೇ ಒಂದು ಸಲ ಕೂಡ ಕೆಡಲಿಲ್ಲ.”

ಮನೆಯಲ್ಲಿ ತುಂಬಿ ಮುಗಿಸಿದ ಪ್ರತಿ ಹಾಳೆಯ ಕೆಳಗೂ ಒಂದೇ ಸಾಲು ಇತ್ತು: *ಸರಿ ಬಂತು. ಹಾಗಾದರೆ ಆವತ್ತು ಏನಾಯಿತು?* ಮೊದಲ ವರ್ಷಗಳಲ್ಲಿ ಅಕ್ಷರ ಒತ್ತಿ ಬರೆದದ್ದು. ಬರುಬರುತ್ತ ಸಣ್ಣಗಾಗಿ, ಈಚಿನದರಲ್ಲಿ ನಡುಗಿತ್ತು. ಕೊನೆಯ, ಈ ವರ್ಷದ ಹಾಳೆಯಲ್ಲಿ ಮೂರು ಚೌಕ ಮಾತ್ರ ತುಂಬಿದ್ದವು.

“ಆಗ ನನಗೆ ಹನ್ನೆರಡು ವರ್ಷ. ಎರಡನೇ ದಿನದ ಸಂಜೆಗೆ ನನಗೆ ಜ್ವರ ಬಂದಿತ್ತು,” ಮಗಳ ಧ್ವನಿ ತಗ್ಗಿತು. “ಕೊನೇ ಐದು ದಿನ ನೀವು ನೋಡಿಕೊಂಡ್ರಿ, ಅದೆಲ್ಲ ಸರಿಯಾಗಿದೆ. ಹಾಗಿದ್ಮೇಲೆ ತಪ್ಪಿರೋದು ಅಮ್ಮನ ಮೂರು ದಿನದಲ್ಲೇ ತಾನೇ? ನನ್ನ ಜ್ವರದ ಯೋಚನೇಲಿ ಅವಳು ಅಳತೆ ಮರೆತಿರಬೇಕು. ನಿನ್ನಿಂದ್ಲೇ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ನಾನಂತೂ ಹಾಗೇ ಅಂದ್ಕೊಂಡು ಬೆಳೆದೆ. ನಿಮಗೇನಾದ್ರೂ ನೆನಪಿದೆಯಾ ಮಾವ?”

*

ನೆನಪಿತ್ತು.

ನಾಲ್ಕನೇ ದಿನ ಬೆಳಗ್ಗೆ ಹೆಪ್ಪಕ್ಕ ಜಾಡಿಯನ್ನು ಅವನಿಗೆ ಒಪ್ಪಿಸಿ, “ಐದು ದಿನ ನಿಮ್ಮ ಮಡಿಲಲ್ಲಿ ಹಾಕಿದೀನಿ, ಮಗೂಗೆ ಜ್ವರ ಇಳೀತಿಲ್ಲ,” ಎಂದು ಹೋಗಿದ್ದಳು. ಅದೇ ದಿನ ಮೇಸ್ತ್ರಿಯ ಹೆಂಡತಿಯ ತಮ್ಮನ ಮದುವೆಗೆ ಬಸ್ಸು ಹೊರಡುವುದಿತ್ತು. ಐದು ದಿನ ಇಲ್ಲೇ ಕೂತರೆ ಮನೆಯಲ್ಲಿ ಮುಖ ಎತ್ತುವಂತಿರಲಿಲ್ಲ. ಅಷ್ಟೇ ಕಾರಣ. ಮಾಲೀಕರು ಅವಸರ ಮಾಡಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅವನು ಏಣಿ ಹತ್ತಿ, ಬೆಚ್ಚಗಿದ್ದ ಜಾಡಿಯನ್ನು ಹಾಗೇ ತಣ್ಣನೆಯ ಟ್ಯಾಂಕಿಗೆ ಬಗ್ಗಿಸಿದ. ಕೆಳಗಿಳಿದು ಐದು ಚೌಕಕ್ಕೂ ಒಂದೇ ಉಸಿರಿನಲ್ಲಿ ಗುರುತು ಹಾಕಿದ. ಮೇಸ್ತ್ರಿ ಅಷ್ಟು ದಿನವೂ ಇಲ್ಲೇ ಇದ್ದರು ಎಂದು ಕಾವಲುಗಾರನ ಬಾಯಲ್ಲಿ ಹೇಳಿಸಿದ. ಮದುವೆಯ ಊಟ ಚೆನ್ನಾಗಿತ್ತು.

ಟ್ಯಾಂಕು ವಾರಗಟ್ಟಲೆ ಸತ್ತಂತೆ ಬಿದ್ದಿತ್ತು. ಹುಳಿ ಇಳಿಯಲಿಲ್ಲ. ಜೀವವಿಲ್ಲ ಎಂದುಕೊಂಡು ಮಾಲೀಕರು ಹಾಗೇ ಬಾಟಲಿಗೆ ತುಂಬಿಸಿದರು. ಆದರೆ ಬ್ಯಾಕ್ಟೀರಿಯಾದಲ್ಲಿ ಲಕ್ಷಕ್ಕೊಂದು ಉಳಿದುಕೊಂಡಿತ್ತು. ಯಾರೂ ಕಲಿಸದೆ, ಆ ಚಳಿಯಲ್ಲಿ, ಹುಳಿಯಲ್ಲಿ, ತಾವಾಗಿ ಕಲಿತುಕೊಂಡಿದ್ದವು. ಬಿಸಿಲು ಏರಿದ್ದೇ ತಡ, ವೈನು ಬಾಟಲಿಯೊಳಗೇ ಹುದುಗಿ, ಗಾಳಿ ತುಂಬಿ, ಅಂಗಡಿಗಳಲ್ಲಿ ಬಿರಡೆಗಳು ಹಾರತೊಡಗಿದವು. ಲಾರಿಗಟ್ಟಲೆ ಬಾಟಲಿ ವಾಪಸು ಬಂತು.

“ಮೇಸ್ತ್ರಿ, ಐದನೇ ದಿನ ಕೋಣೆ ತಣ್ಣಗಾಗಿತ್ತಾ? ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ,” ಎಂದು ಅವಳು ಬಂದು ಕೇಳಿದಳು. ಒಂದಲ್ಲ, ಮೂರು ಸಲ.

ಮೂರು ಸಲವೂ ಅವನು ಹೇಳಿದ್ದು ಒಂದೇ: “ಬಿಡಿ ಹೆಪ್ಪಕ್ಕ. ಕೈ ಯಾರಿಗೆ ತಪ್ಪಲ್ಲ?”

ಅವಳು ತನ್ನ ಕೈಯನ್ನೊಮ್ಮೆ ನೋಡಿಕೊಂಡು ಹೋದಳು. ಮತ್ತೆ ಕೇಳಲಿಲ್ಲ.

*

“ತಪ್ಪಿದ್ದು ನಿನ್ನ ಜ್ವರದಿಂದ ಅಲ್ಲಮ್ಮ,” ಎಂದ ಮೇಸ್ತ್ರಿ. “ಅಮ್ಮನ ಕೈಯಿಂದಾನೂ ಅಲ್ಲ. ಈ ಐದೂ ಸುಳ್ಳು. ನಾಲ್ಕನೇ ದಿನಾನೇ ಎಲ್ಲಾ ಸುರಿದುಬಿಟ್ಟೆ. ಮದುವೆಗೆ ಹೋಗೋದಿತ್ತು.”

ಮಗಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಹಾಳೆಯ ಮೇಲೆ ಬೆರಳಿಟ್ಟು, ನಾಲ್ಕು, ಐದು, ಆರು ಎಂದು ಚೌಕಗಳನ್ನು ಮುಟ್ಟುತ್ತ ಹೋದಳು. ಎಂಟಕ್ಕೆ ಬಂದು ನಿಂತಳು.

“ನೀವು ಪ್ರತಿ ವರ್ಷ ನಮ್ಮನೆಗೆ ಬರ್ತಿದ್ರಿ. ಇಲ್ಲೇ ಕೂತು ಕಾಫಿ ಕುಡೀತಿದ್ರಿ. ಈ ಕಪಾಟಿನ ಪಕ್ಕದಲ್ಲೇ.”

“ಹೌದಮ್ಮ.”

“ಒಂದು ಸಲಾನಾದ್ರೂ ಬಾಯಿಗೆ ಬರಲಿಲ್ವಾ?”

“ಬರ್ತಿತ್ತು. ಅವಳೇ ಇನ್ನೊಂದು ಸಲ ಕೇಳಲಿ, ಹೇಳಿಬಿಡ್ತೀನಿ ಅಂದ್ಕೊಳ್ತಿದ್ದೆ. ಅವಳು ಕೇಳಲೇ ಇಲ್ಲ.”

“ನನಗೆ ಹೇಳಿ ಏನು ಬಂತು,” ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. “ಅಪ್ಪನಿಗೆ ಹೇಳಿ. ಗಾಡಿ ಬರೋದ್ರೊಳಗೆ.”

ಕರೆಯುವ ಮೊದಲೇ ಕಂಡಕ್ಟರು ಒಳಗೆ ಬಂದ. “ಏನಮ್ಮ, ಇವತ್ತಿಗೆ ನಾಲ್ಕನೇ ದಿನ, ಜಾಡಿಗೆ ಅಳತೆ ಹಾಕಬೇಕು. ಅವಳು ನಿನ್ನೆಯೇ ನೆನಪಿಸಿದ್ಲು. ಮೇಸ್ತ್ರಿ, ನಿಮಗೆ ಗೊತ್ತಲ್ವಾ, ಎಷ್ಟು ಹಾಕೋದು?”

ಮೇಸ್ತ್ರಿ ಹೇಳಿದ. ಮಗಳಿಗೆ ಹೇಳಿದ್ದನ್ನೇ, ಒಂದು ಮಾತೂ ಬಿಡದೆ. ಮದುವೆಯ ವಿಷಯ ಬಂದಾಗ ನಾಲಿಗೆ ತಡವರಿಸಿತು.

ಕಂಡಕ್ಟರು ಕಪಾಟಿನ ಬಾಗಿಲು ಮುಚ್ಚಿದ. “ಇದನ್ನ ಹೇಳೋಕೆ ಎಷ್ಟು ಹೊತ್ತು ಹಿಡೀತು ಮೇಸ್ತ್ರಿ, ಈಗ?” ಎಂದ.

“ಒಂದು ನಿಮಿಷ.”

“ಅಷ್ಟೂ ಇಲ್ಲ,” ಎಂದ ಕಂಡಕ್ಟರು.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಯಾರೋ, “ಹೊತ್ತಾಯ್ತು,” ಎಂದರು. ಕಂಡಕ್ಟರು ಮುಂದಿನ ಕೋಣೆಗೆ ನಡೆದ. ಮುಂದೆ ಹೋಗಿ ಎಂದು ಯಾರಿಗೂ ಹೇಳಲಿಲ್ಲ. ಜನರೇ ಸರಿದು ದಾರಿ ಬಿಟ್ಟರು. ನೆಲಕ್ಕೆ ಮೊಣಕಾಲೂರಿ, ಹೆಂಡತಿಯ ಕಿವಿಯ ಹತ್ತಿರ ಬಾಯಿ ಒಯ್ದು, ಮೇಸ್ತ್ರಿಯ ಆ ಒಂದು ನಿಮಿಷದ ಮಾತನ್ನು ಪಿಸುಗುಟ್ಟತೊಡಗಿದ. ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಗಂಟಲಿನವನು ಅಷ್ಟು ಸಣ್ಣಗೆ ಮಾತಾಡಬಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಅಳುತ್ತಿದ್ದಾನೆಂದುಕೊಂಡು ಲೇಬಲ್ ವಿಭಾಗದ ಹೆಂಗಸು ಅವನ ಬೆನ್ನ ಮೇಲೆ ಕೈಯಿಟ್ಟಳು.

ಅವನು ಆ ಕೈಯನ್ನು ಸರಿಸಿದ. ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನಷ್ಟು ಬಗ್ಗಿ, ಮೊದಲಿನಿಂದ, ಸ್ವಲ್ಪ ಗಟ್ಟಿಯಾಗಿ ಹೇಳಲು ಶುರುಮಾಡಿದ.