ಹೊಲದ ನಡುವೆ ನಿಂತ ಹೆಜ್ಜೆ

ಸಂಜೆ ಕತ್ತಲಾಗುವ ಹೊತ್ತಿಗೆ ಹಿತ್ತಲ ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಗುತ್ತಿತ್ತು. ನನ್ನ ಗಂಡ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ ಹೊತ್ತು ಅದೇ. ನಾನು ಟವೆಲ್ ಹಿಡಿದು ಬಾಗಿಲವರೆಗೆ ಹೋಗಿ, ಇವರು ಸತ್ತದ್ದು ಆಮೇಲೆ ನೆನಪಾಗಿ ನಿಂತುಬಿಡುತ್ತಿದ್ದೆ. ಧೈರ್ಯ ಮಾಡಿ ಬಾಗಿಲು ತೆರೆದರೆ ಯಾರೂ ಇಲ್ಲ, ನಲ್ಲಿಯ ಕೆಳಗಿನ ಕಲ್ಲು ಮಾತ್ರ ಒದ್ದೆ.

ಹೊಳೆ ನೀರು ನುಗ್ಗಿ, ಕೊಯ್ಲಿಗೆ ಬಂದ ಗೋಧಿಯನ್ನೆಲ್ಲ ಕೆಸರಿನಲ್ಲಿ ಮಲಗಿಸಿತ್ತು. ನೀರು ಇಳಿದ ಬೆಳಿಗ್ಗೆ ಇವರು ಬರಿಗಾಲಲ್ಲಿ ಹೊಲದ ನಡುವಿನವರೆಗೆ ನಡೆದು, ಬಗ್ಗಿ ಒಂದು ತೆನೆ ಎತ್ತಿ ನೋಡಿ, ಅಲ್ಲೇ ಕುಸಿದರು. ಎದೆಬಡಿತ ನಿಂತುಹೋಗಿತ್ತು. ಹೊರಲು ಬಂದವರು ರಸ್ತೆ ಕಡೆಯಿಂದ ಬಂದು ಅತ್ತಲೇ ಆಸ್ಪತ್ರೆಗೆ ಹೊತ್ತೊಯ್ದರು. ಮನೆ ಕಡೆಯ ಕೆಸರಿನಲ್ಲಿ ಇವರು ಒಳಗೆ ಹೋದ ಹೆಜ್ಜೆಗಳು ಮಾತ್ರ ಉಳಿದವು. ನಾನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಸರ್ಕಾರದ ಬೆಳೆ ಪರಿಹಾರ ಬೇಕಾದರೆ, ಸಮೀಕ್ಷೆಯವನು ಬಂದು ನಮ್ಮನ್ನು ಹೊಲದ ನಡುವೆ ನಿಲ್ಲಿಸಿ ಫೋಟೋ ತೆಗೆಯುವವರೆಗೆ ಒಂದು ಕಡ್ಡಿ ಅಲ್ಲಾಡಿಸುವಂತಿಲ್ಲ. ಸುತ್ತಲಿನವರದೆಲ್ಲ ಆಯಿತು, ಉತ್ತು ಮತ್ತೆ ಬಿತ್ತಿಯೂ ಬಿಟ್ಟರು. ನಮ್ಮ ಹೊಲ ಮಾತ್ರ ಆ ಪುಣ್ಯಾತ್ಮನ ಕಣ್ಣಿಗೇ ಬೀಳಲಿಲ್ಲ. ಮಣ್ಣಿನ ಹಸಿ ಆರಿದರೆ ಬಿತ್ತನೆ ಹೋಯಿತು, ಅದರ ಜೊತೆಗೆ ನನ್ನ ಮತ್ತು ಅತ್ತೆಯ ಮುಂದಿನ ವರ್ಷದ ಊಟವೂ. ನಾನು ಅವನಿಗೆ ದಿನಾ ಹಿಡಿಶಾಪ ಹಾಕುತ್ತಿದ್ದೆ.

ಕೊನೆಗೊಂದು ಸಂಜೆ ಪಕ್ಕದವರ ಬದುವಿನಲ್ಲಿ ಸಿಕ್ಕಿಬಿದ್ದ.

“ನಮ್ಮದು ಯಾವಾಗಪ್ಪಾ ನೋಡ್ತೀಯ?”

“ನಿಮ್ದಾ ಅಕ್ಕ? ನಿಮ್ಮತ್ತೆ ಎರಡು ಸಲ ವಾಪಸ್ ಕಳಿಸಿದ್ರಲ್ಲ. ಬೆಳೆ ಎದ್ದು ನಿಂತಿದೆ, ಪರಿಹಾರ ಬೇಡ ಅಂದ್ರು.”

ಮೈಯೆಲ್ಲ ಉರಿದುಹೋಯಿತು. ಅವನನ್ನು ಕರೆದುಕೊಂಡೇ ನಮ್ಮ ಹೊಲಕ್ಕೆ ನಡೆದೆ. ಅತ್ತೆ ಬದುವಿನ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ಖಾಲಿ ಕೊಡ.

“ಏನತ್ತೆ ಇದು? ನಮ್ಮ ಹೊಟ್ಟೆ ಮೇಲೆ ನೀವೇ ಹೊಡೀತಿದೀರಲ್ಲ?”

ನಾನು ಹೊಲದ ಕಡೆ ನೋಡಿದೆ. ಎಲ್ಲೆಲ್ಲೂ ಕೊಳೆತು ಕಪ್ಪಾದ ಗೋಧಿ. ಅದರ ನಡುವೆ ಹಸಿರು ಹೆಜ್ಜೆಗಳು, ಒಂದು ಎಡ, ಒಂದು ಬಲ, ಸಾಲಾಗಿ ಒಳಗೆ ಹೋಗಿದ್ದವು. ಅಂಚು ಬಿರುಕುಬಿಟ್ಟು ಉದುರಬಾರದೆಂದು ಅತ್ತೆ ದಿನಾ ಸಂಜೆ ಅವಕ್ಕೆ ನೀರು ಹನಿಸಿದ್ದರು. ಅವುಗಳೊಳಗೆ ಬಿದ್ದ ಕಾಳು ಮೊಳೆತಿತ್ತು. ನಲ್ಲಿಯ ಸದ್ದು ಯಾರದೆಂದು ಆಗ ತಿಳಿಯಿತು. ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು, ಹೆಚ್ಚಾಯಿತು. ಇವರು ಈಗಷ್ಟೇ ನಡೆದು ಹೋದ ಹಾಗಿತ್ತು.

“ಅವನು ನೋಡಿದ್ರೆ ನೀನು ಹೊಲ ಉತ್ತುಬಿಡ್ತೀಯ,” ಎಂದರು ಅತ್ತೆ. “ಟ್ರ್ಯಾಕ್ಟರ್ ಹರಿದ ಮೇಲೆ ನನ್ನ ಮಗ ಯಾವ ದಾರೀಲಿ ಬರ್ತಾನೆ?”

ಸಮೀಕ್ಷೆಯವನು ತಲೆ ಕೆರೆದುಕೊಂಡ. “ಇಷ್ಟು ಹಸಿರು ಲೆಕ್ಕಕ್ಕಿಲ್ಲ ಬಿಡಿ. ಅಕ್ಕ, ನೀವು ನಡುವೆ ಹೋಗಿ ಈ ಕಡೆ ಮುಖ ಮಾಡಿ ನಿಂತ್ಕೊಳ್ಳಿ.”

ಸಿಟ್ಟಿನಲ್ಲೇ ಹೊರಟೆ. ಆದರೂ ಹೆಜ್ಜೆಗಳನ್ನು ತುಳಿಯಲಾಗಲಿಲ್ಲ. ಪಕ್ಕದಲ್ಲೇ ನಡೆದೆ, ಜೊತೆಗೆ ಯಾರೋ ಬರುತ್ತಿರುವಂತೆ. ನಡುವೆ ಎರಡು ಹೆಜ್ಜೆ ಜೋಡಿಯಾಗಿ ನಿಂತಿದ್ದವು. ಅದರಾಚೆ ಹೊತ್ತವರು ತುಳಿದ ಕೆಸರು ಗಟ್ಟಿಯಾಗಿತ್ತು. ಆ ಜೋಡಿ ಹೆಜ್ಜೆಗಳ ಪಕ್ಕ ನಿಂತು ಮನೆ ಕಡೆ ತಿರುಗಿದೆ.

“ಆಯ್ತು ಅಕ್ಕ, ಬನ್ನಿ. ನಾಳೆಯಿಂದ್ಲೇ ಉಳಬಹುದು,” ಎಂದು ಅವನು ಕೂಗಿ ಹೇಳಿದ.

ನನ್ನ ಕಾಲು ಏಳಲಿಲ್ಲ. ಅಲ್ಲಿಂದ ಮನೆ ಹತ್ತಿರವೇ ಕಾಣುತ್ತಿತ್ತು, ಹಿತ್ತಲ ನಲ್ಲಿಯೂ ಕಾಣುತ್ತಿತ್ತು. ಇಷ್ಟೇ ದೂರ ವಾಪಸ್ ಬರಲು ಇವರಿಗೆ ಆಗಲಿಲ್ಲವಲ್ಲ ಎಂದು ದುಃಖ ಒತ್ತರಿಸಿಕೊಂಡು ಬಂತು. ಕತ್ತಲಾಗುತ್ತಿತ್ತು. ಅವನು ಮತ್ತೆ ಕರೆದ, ನಾನು ನಿಂತೇ ಇದ್ದೆ.

ಬದುವಿನ ಮೇಲೆ ಅತ್ತೆ ಎದ್ದು ನಿಂತರು. ಅವರ ಮುಖದಲ್ಲಿ ಅಂಥ ಭಯವನ್ನು ಮಗನ ಹೆಣ ಮನೆಗೆ ಬಂದ ದಿನವೂ ನೋಡಿರಲಿಲ್ಲ. ನೇರವಾಗಿ ನನ್ನ ಕಡೆ ಓಡಿಬಂದರು, ಆ ಹಸಿರು ಹೆಜ್ಜೆಗಳ ಮೇಲೆಯೇ, ಒಂದನ್ನೂ ಬಿಡದೆ ತುಳಿದುಕೊಂಡು. ಬಂದವರೇ ನನ್ನ ಕೈ ಗಟ್ಟಿಯಾಗಿ ಹಿಡಿದರು.

“ನೀನಾದ್ರೂ ವಾಪಸ್ ಬಾರೇ,” ಎಂದರು.