ಹೇಳಿದವರದೇ ಹೊಣೆ

ಆ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಬಾಯಿ ತೆರೆಯುವ ಮುಂಚೆ ಎಲ್ಲರೂ ಒಮ್ಮೆ ಎಂಜಲು ನುಂಗಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಗದರುವವರೇನಲ್ಲ, ಪಾಪ, ದನಿ ಏರಿಸಿದವರೂ ಅಲ್ಲ. ಅವರ ತೊಂದರೆಯೆಂದರೆ, ಯಾರು ಏನು ಹೇಳಿದರೂ ಗಮನವಿಟ್ಟು ಕೇಳುತ್ತಿದ್ದರು. ಕೇಳಿ, ತಲೆದೂಗಿ, ಕನ್ನಡಕ ಮೇಲೇರಿಸಿ, "ಒಳ್ಳೇ ಯೋಚನೆ. ನೀವೇ ನೋಡ್ಕೊಳ್ಳಿ" ಅನ್ನುತ್ತಿದ್ದರು. ಮುಗಿಯಿತು. ಆ ಕೆಲಸ ಹೇಳಿದವರ ಕೊರಳಿಗೆ ಬಿದ್ದ ಹಾಗೆ, ನಿವೃತ್ತಿಯವರೆಗೂ ಇಳಿಯುವುದಿಲ್ಲ.

ವಿಜ್ಞಾನದ ಮೇಷ್ಟ್ರು ಯಾವುದೋ ಕಾಲದಲ್ಲಿ "ಗೋಡೆ ಗಡಿಯಾರ ಹಿಂದೆ ಓಡ್ತಿದೆ ಸಾರ್" ಎಂದಿದ್ದರು. ಅಂದಿನಿಂದ ಶಾಲೆಯ ಗಡಿಯಾರಗಳೆಲ್ಲ ಅವರ ಮಕ್ಕಳು. ಏಣಿ ಹತ್ತಿ ಸೆಲ್ ಬದಲಿಸುವುದು ಅವರ ಪಾಲು. ಗಣಿತ ಹೇಳಿಕೊಡುವ ಹಿರಿಯ ಟೀಚರ್, ಎಲ್ಲರ ಬಾಯಲ್ಲೂ ಗಣಿತಮ್ಮ, ಒಮ್ಮೆ "ಅಂಗಳದ ಗಿಡ ಬಾಡಿ ಹೋಗಿವೆ" ಎಂದು ಮರುಗಿದ್ದರು. ಗಿಡಗಳು ಈಗ ನಳನಳಿಸುತ್ತಿವೆ, ಬಾಡಿರುವುದು ಗಣಿತಮ್ಮ.

ಸಮಾಜ ವಿಜ್ಞಾನದ ಟೀಚರ್ ಎಡವಿದ್ದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ. "ಮಕ್ಕಳು ಬಿಟ್ಟುಹೋದ ಸಾಮಾನನ್ನೆಲ್ಲ ಒಂದು ಕಡೆ ಇಡಬಹುದಲ್ವಾ ಸಾರ್?" ಎಂದು ಕೇಳಿದ್ದಳು, ಹೊಸಬಳ ಹುರುಪಿನಲ್ಲಿ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯ ಬೀಗದ ಕೈ ಅಂದೇ ಅವಳ ಅಂಗೈಗೆ ಬಂತು. ಒಂಟಿ ಬೂಟುಗಳು, ಮುಚ್ಚಳವಿಲ್ಲದ ನೀರಿನ ಬಾಟಲಿಗಳು, ಕಡ್ಡಿ ಮುರಿದ ಕೊಡೆಗಳು, ಯಾರ ಬಾಯಿಂದ ಬಿತ್ತೋ ಒಂದು ಹಲ್ಲು ಕೂಡ. ಅಂದಿನಿಂದ ಅವಳು ಮಾತನ್ನು ತೂಗಿ ತೂಗಿ ಆಡುವವಳಾದಳು. ಸಭೆಯಲ್ಲಿ ಕೆಮ್ಮು ಬಂದರೂ ಅದು ಸಲಹೆಯಂತೆ ಕೇಳಿಸದಿರಲಿ ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು.

ಆದರೆ ಆ ಗೂಡು ಅವಳಿಗೆ ಒಂದು ಉಪಕಾರ ಮಾಡಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಉಳಿದವರೆಲ್ಲ ಶಿಕ್ಷಕರ ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುವಾಗ ಅವಳು ಅಲ್ಲಿಗೆ ಹೋಗಿ, ಕೊಡೆಗಳ ಪಕ್ಕ ಕಾಲು ಚಾಚಿ ಕೂತು, ಒಬ್ಬಳೇ ಉಣ್ಣುತ್ತಿದ್ದಳು. ಮನೆಯಲ್ಲಿ ಅತ್ತೆ, ಗಂಡ, ಮಗಳು. ಶಾಲೆಯಲ್ಲಿ ಅಷ್ಟೂ ಮಕ್ಕಳು. ದಿನದಲ್ಲಿ ಯಾರೂ ಅವಳನ್ನು ಕರೆಯದ ಹೊತ್ತು ಅದೊಂದೇ. ಅದನ್ನು ಅವಳು ಬೇರೆ ಹೆಂಗಸರು ಚಿನ್ನ ಬಚ್ಚಿಡುವ ಹಾಗೆ ಬಚ್ಚಿಟ್ಟುಕೊಂಡಿದ್ದಳು.

ಹೀಗಿರುವಾಗ ಶಾಲೆಗೆ ದುಡ್ಡು ಬಂತು.

ಕೊಡುವವರು ಇಲ್ಲೇ ಓದಿದವರು, ಈಗ ಚಪ್ಪಲಿ ಕಾರ್ಖಾನೆಯ ಯಜಮಾನರು. ಹೆಡ್‌ಮಾಸ್ತರರಿಗೆ ಫೋನು ಮಾಡಿ, ಶುಕ್ರವಾರ ಬರುತ್ತೇನೆ, ಯಾವುದಕ್ಕೆ ಬೇಕು ಅಂತ ಎಲ್ಲ ಮೇಷ್ಟ್ರುಗಳೂ ಒಂದೇ ಬಾಯಲ್ಲಿ ಹೇಳಿದರೆ ಅಲ್ಲೇ ಕೊಡುತ್ತೇನೆ, ಎಳೆದಾಡಿದರೆ ಪಕ್ಕದ ಬೀದಿಯ ಶಾಲೆಗೆ ಕೊಡುತ್ತೇನೆ ಎಂದಿದ್ದರು.

ಸಭೆ ಸೇರಿತು. 

"ಹೇಳಿ, ಹೇಳಿ. ಸಂಕೋಚ ಯಾಕೆ?" ಎಂದು ಹೆಡ್‌ಮಾಸ್ತರರು ಪೆನ್ನಿನ ಕ್ಯಾಪು ತೆಗೆದರು. ಆ ಕ್ಯಾಪು ತೆಗೆದ ಸದ್ದಿಗೇ ಅರ್ಧ ಜನ ಕುರ್ಚಿಯಲ್ಲಿ ಹಿಂದೆ ಸರಿದರು.

ಆಟದ ಮೇಷ್ಟ್ರು ಜಾಣರು. ಬೇರೆಯವರ ತಲೆಗೆ ಬೀಳುವಂಥದ್ದನ್ನೇ ಹುಡುಕಿ, "ಲ್ಯಾಬಿಗೆ ಹೊಸ ಸಾಮಾನು ತರಿಸಿದ್ರೆ ಹೆಂಗೆ ಸಾರ್? ವಿಜ್ಞಾನ ಇಲ್ದೆ ಮಕ್ಕಳಿಗೆ ಭವಿಷ್ಯ ಎಲ್ಲಿ?" ಎಂದರು.

"ಒಳ್ಳೇ ಯೋಚನೆ. ನೀವೇ ನೋಡ್ಕೊಳ್ಳಿ."

"ನಾನಾ? ಸಾರ್, ನಾನು ಸೀಟಿ ಊದೋನು. ಗಾಜಿನ ನಳಿಕೆ ಊದಿದ್ರೆ ಒಡೆದು ಹೋಗುತ್ತೆ!"

"ಹೇಳಿದ್ದು ನೀವು ತಾನೇ?"

"ಹೇಳ್ಲಿಲ್ಲ ಸಾರ್. ಮನಸಲ್ಲೇ ಅಂದ್ಕೊಳ್ತಿದ್ದೆ, ಸ್ವಲ್ಪ ಜೋರಾಗಿ ಬಂದ್ಬಿಡ್ತು."

ವಿಜ್ಞಾನದ ಮೇಷ್ಟ್ರು ಸುಮ್ಮನಿರುತ್ತಾರೆಯೇ? "ಮೈದಾನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಸಾರ್. ಬರೀ ಗುಂಡಿ. ಮೊದ್ಲು ಅದನ್ನ ಸಮ ಮಾಡಿಸ್ಬೇಕು, ನಮ್ಮ ಆಟದ ಮೇಷ್ಟ್ರ ಕೈಲಿ..."

"ಒಳ್ಳೇ ಯೋಚನೆ..."

"ಬೇಡ ಸಾರ್! ಗುಂಡಿ ಇದ್ರೇ ಮಕ್ಕಳು ನೋಡ್ಕೊಂಡು ಓಡ್ತಾರೆ. ಎಚ್ಚರ ಕಲೀತಾರೆ," ಎಂದು ವಿಜ್ಞಾನದ ಮೇಷ್ಟ್ರೇ ಮಾತು ತಿರುಗಿಸಿದರು.

ಗಣಿತಮ್ಮ ಬಾಯಿಯೇ ತೆರೆಯಲಿಲ್ಲ. ಗಿಡಕ್ಕೆ ನೀರು ಹಾಕುವ ಹೊತ್ತಾಯಿತೆಂದು ಕೈಸನ್ನೆ ಮಾಡಿ ಎದ್ದುಹೋದರು. ಸಭೆಯಿಂದ ಪಾರಾಗಲು ಹೊಣೆ ಒಬ್ಬರಿಗೆ ನೆರವಾದದ್ದು ಅದೇ ಮೊದಲು. ಸಭೆ ಬರಖಾಸ್ತಾಯಿತು. ಮರುದಿನವೂ ಸೇರಿತು, ಹಾಗೇ ಮುಗಿಯಿತು.

ಸಮಾಜ ಟೀಚರಿಗೆ ಆ ದುಡ್ಡಿನ ಯೋಚನೆಗಿಂತ ದೊಡ್ಡ ಯೋಚನೆಯೊಂದು ತಲೆ ತಿನ್ನುತ್ತಿತ್ತು. ಅವಳ ಮಗಳು ಅದೇ ಶಾಲೆಯಲ್ಲಿ ಐದನೇ ತರಗತಿ. ಈ ವರ್ಷ ಶುರುವಾದಾಗಿನಿಂದ ಊಟದ ಡಬ್ಬಿ ಹೋದ ಹಾಗೇ ತುಂಬಿಕೊಂಡು ವಾಪಸು ಬರುತ್ತಿತ್ತು. ಮಗು ಸಂಜೆ ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ ಅಡುಗೆಮನೆಗೆ ನುಗ್ಗಿ ಸಿಕ್ಕಿದ್ದು ತಿನ್ನುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ಅವಳು ಅಡುಗೆ ಬದಲಿಸಿದಳು, ಡಬ್ಬಿ ಬದಲಿಸಿದಳು, ಖಾರ ಇಳಿಸಿದಳು, ಉಪ್ಪು ಏರಿಸಿದಳು.

"ನಿನ್ನ ಕೈರುಚಿ ಅಷ್ಟಕ್ಕಷ್ಟೇ ಬಿಡಮ್ಮ. ನನ್ನ ಮಗನೂ ಮೊದಮೊದಲು ಹಿಂಗೇ ಉಳಿಸ್ತಿದ್ದ," ಎಂದರು ಅತ್ತೆ, ಸಮಾಧಾನ ಹೇಳುವ ದನಿಯಲ್ಲಿ.

ಮಗಳನ್ನು ಕೇಳಿದರೆ ಒಂದೇ ಉತ್ತರ: "ಹಸಿವಿರ್ಲಿಲ್ಲ."

ರಾತ್ರಿಯೆಲ್ಲ ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಹೊಟ್ಟೆಯಲ್ಲಿ ಏನಾದರೂ ಇದೆಯೋ, ಯಾರಾದರೂ ಹೆದರಿಸುತ್ತಾರೋ. ಗುರುವಾರ ಮಧ್ಯಾಹ್ನ ಇನ್ನು ತಾಳಲಾರದೆ, ತನ್ನ ಗೂಡಿನ ಬಾಗಿಲಿಗೆ ಹಾಕಿದ ಬೀಗ ತೆಗೆಯದೆ ಅವಳು ವರಾಂಡದ ಕಡೆ ನಡೆದಳು. ಊಟದ ಹೊತ್ತಿನಲ್ಲಿ ಅಲ್ಲಿಗೆ ಅವಳು ಎಂದೂ ಬಂದವಳಲ್ಲ. ಬೇರೆ ಯಾರೂ ಬಂದವರಲ್ಲ. ಮೇಷ್ಟ್ರುಗಳ ಬಾಗಿಲು ಹಾಕಿರುತ್ತಿತ್ತಲ್ಲ.

ಕಂಬದ ಮರೆಯಲ್ಲಿ ನಿಂತು ನೋಡಿದಳು. ವರಾಂಡದ ಗೋಡೆಗೆ ಒರಗಿ ಹತ್ತನೆಯವರು ಸಾಲಾಗಿ ಕೂತಿದ್ದರು. ಅವರ ಪಕ್ಕ ಒಂಬತ್ತನೆಯವರು. ಅಲ್ಲಿಂದ ತಿರುವಿನವರೆಗೆ ಎಂಟು, ಏಳು. ಯಾರು ಎಲ್ಲಿ ಕೂರಬೇಕೆಂಬುದು ತಲೆತಲಾಂತರದ ಆಸ್ತಿಯ ಹಾಗೆ. ದೊಡ್ಡವರು ಶಾಲೆ ಬಿಟ್ಟ ಮೇಲೆ ಅವರ ಜಾಗ ಕೆಳಗಿನವರಿಗೆ. ಮೆಟ್ಟಿಲುಗಳ ಮೇಲೆ ಆರನೆಯವರು. ಒಂದರಿಂದ ನಾಲ್ಕರವರೆಗಿನ ಪುಟಾಣಿಗಳು ತಮ್ಮ ತರಗತಿಯಲ್ಲೇ ಉಣ್ಣುತ್ತಾರೆ, ಐದಕ್ಕೆ ಕಾಲಿಟ್ಟವರು ಹೊರಗೆ. ಐದನೆಯವರಿಗೆ ಉಳಿದದ್ದು ನಲ್ಲಿಯ ಪಕ್ಕದ ನೆಲ. ಅಲ್ಲಿ ಕೆಸರು, ಬೂಟಿನ ಗುರುತು, ಕೈತೊಳೆಯುವವರ ನೂಕುನುಗ್ಗಲು. ಮಕ್ಕಳು ಬಿಸಿಲಲ್ಲಿ ನಿಂತಿದ್ದರು. ಅವಳ ಮಗಳೂ ನಿಂತಿದ್ದಳು, ಡಬ್ಬಿಯನ್ನು ಎದೆಗವಚಿಕೊಂಡು, ತೆರೆಯದೆ.

"ಯಾಕೆ ತಿಂತಿಲ್ಲ?" ಎಂದಳು ಹತ್ತಿರ ಹೋಗಿ.

ಮಗಳು ಸುತ್ತ ನೋಡಿದಳು. ಶಾಲೆಯಲ್ಲಿ ಅಮ್ಮನನ್ನು ಅಮ್ಮ ಅನ್ನಬಾರದೆಂಬುದು ಇಬ್ಬರ ಒಪ್ಪಂದ. "ಡಬ್ಬಿ ಒಂದು ಕೈಲಿ ಟೀಚರ್. ಮುಚ್ಚಳ ಇನ್ನೊಂದು ಕೈಲಿ. ತಿನ್ನೋದು ಯಾವ ಕೈಲಿ?"

"ಮುಚ್ಚಳ ಕೆಳಗಿಡು."

"ಮೊನ್ನೆ ಇಟ್ಟಿದ್ದೆ. ಏಳನೇ ಕ್ಲಾಸಿನ ಅಣ್ಣ ಅದರ ಮೇಲೇ ಕಾಲಿಟ್ಟು ಹೋದ. ಸಾರಿ ಅಂದ, ಒಳ್ಳೆಯವನೇ."

"ಮನೇಲಿ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ದಿನಾ ಬಂದು ನಿಲ್ತೀರ," ಎಂದಳು ಮಗಳು. ಅಮ್ಮನ ಸ್ವಭಾವ ಅರೆದು ಕುಡಿದ ಹುಡುಗಿ.

ಆ ರಾತ್ರಿ ಸಮಾಜ ಟೀಚರಿಗೆ ಯೋಚಿಸಲು ಹೊಸ ವಿಷಯ ಸಿಕ್ಕಿತು. ಮೈದಾನದ ಅಂಚಿಗೆ ಒಂದು ಚಾವಣಿ, ಕೆಳಗೆ ಉದ್ದುದ್ದ ಮೇಜು, ಬೆಂಚು. ದುಡ್ಡು ಬಾಗಿಲಲ್ಲೇ ನಿಂತಿದೆ. ಒಂದು ಮಾತು ಹೇಳಿದರೆ ಸಾಕು. ಹೇಳಿದರೆ ಮಾತ್ರ ಬಡಗಿಯ ಹಿಂದೆ ಓಡುವುದು, ಮೇಲೆ ತಗಡು ಹೊದಿಸುವವರನ್ನು ಗೋಗರೆಯುವುದು, ಕೊನೆಗೆ ದಿನದಿನವೂ ಊಟದ ಹೊತ್ತಿನಲ್ಲಿ ಅಲ್ಲಿ ನಿಂತು ಕಾಯುವುದು ತನಗೇ. ಮೆಟ್ಟಿಲ ಕೆಳಗಿನ ಆ ನಿಶ್ಶಬ್ದಕ್ಕೆ ಎಳ್ಳುನೀರು. ಸಾಲದ್ದಕ್ಕೆ, ಮಗಳಿಗೋಸ್ಕರ ಮಾಡಿಸಿಕೊಂಡಳು ಎಂಬ ಮಾತು ಬೇರೆ. ಬೇರೆ ಯಾರಾದರೂ ಹೇಳಬಾರದೇ? ಬೆಳಿಗ್ಗೆ ಗಣಿತಮ್ಮನಿಗೆ ಸುಮ್ಮನೆ ಸುಳಿವು ಕೊಟ್ಟು ನೋಡಿದಳು: "ಮಕ್ಕಳು ಎಲ್ಲಿ ಉಣ್ತಾರೋ ಏನೋ ಅಲ್ವಾ ಮೇಡಂ?"

ಗಣಿತಮ್ಮ ನೀರಿನ ಕೊಳವೆ ಕೆಳಗಿಟ್ಟು ಅವಳನ್ನು ದಿಟ್ಟಿಸಿದರು. "ನೋಡು ಮಗಳೇ, ಆ ಬಲೆ ನಂಗೂ ಗೊತ್ತು. ನಾನು ಬೀಳಲ್ಲ."

ಚಪ್ಪಲಿ ಯಜಮಾನರು ಹೇಳಿದ ಹೊತ್ತಿಗೇ ಬಂದರು. ಸಣ್ಣ ಆಳು, ದೊಡ್ಡ ಮೀಸೆ. ಒಳಗೆ ಬಂದವರು ಯಾರ ಮುಖವನ್ನೂ ನೋಡದೆ ಮೊದಲು ಎಲ್ಲರ ಕಾಲು ನೋಡಿದರು. ವಿಜ್ಞಾನದ ಮೇಷ್ಟ್ರು ಸವೆದ ಹಿಮ್ಮಡಿಯನ್ನು ಕುರ್ಚಿಯಡಿಗೆ ಎಳೆದುಕೊಂಡರು.

"ಏನು ಬೇಕು ಹೇಳಿ."

ಎಲ್ಲರ ಕಣ್ಣೂ ಹೆಡ್‌ಮಾಸ್ತರರ ಪೆನ್ನಿನ ಮೇಲೆ ಹೋಯಿತು.

"ನಾನು ಇಲ್ಲಿ ಓದ್ತಿದ್ದಾಗ ನಿಮ್ಮಂಥ ಮೇಷ್ಟ್ರುಗಳ ಬಾಯಿ ಮುಚ್ಚಿಸೋದೇ ಕಷ್ಟ ಆಗ್ತಿತ್ತು. ಈಗೇನು ಬೀಗ ಹಾಕಿದ್ದೀರಾ?"

"ಪರಿಶೀಲನೆಯಲ್ಲಿದೆ..." ಎಂದರು ಹೆಡ್‌ಮಾಸ್ತರರು, ಬೆವರೊರೆಸಿಕೊಳ್ಳುತ್ತ.

ಯಜಮಾನರು ಟೀ ಲೋಟ ಕೆಳಗಿಟ್ಟು ಎದ್ದರು. "ಹಾಗಾದ್ರೆ ನಾನು ಬರ್ತೀನಿ. ಪಕ್ಕದ ಶಾಲೆಯವರು ಕಾಯ್ತಿರ್ತಾರೆ."

ಅವರು ಬಾಗಿಲ ಕಡೆ ತಿರುಗಿದರು. ಸಮಾಜ ಟೀಚರ್ ಎಂಜಲು ನುಂಗಲಿಲ್ಲ. ನುಂಗುತ್ತ ಕೂತರೆ ಅವರು ಹೊರಟೇಹೋಗುತ್ತಿದ್ದರು.

"ಮಕ್ಕಳಿಗೆ ಕೂತು ಉಣ್ಣೋಕೆ ಜಾಗ ಇಲ್ಲ," ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಜೋರಾಗಿತ್ತು. "ಐದನೇ ಕ್ಲಾಸಿನವರು ಕೆಸರಲ್ಲಿ ನಿಂತ್ಕೊಂಡು ಡಬ್ಬಿ ತೆಗೀತಾರೆ. ತೆಗೀದೆ ಮನೆಗೆ ಹೋಗ್ತಾರೆ. ಮೇಲೆ ನೆರಳು, ಕೆಳಗೆ ಬೆಂಚು, ಎದುರಿಗೆ ಮೇಜು. ಅಷ್ಟು ಬೇಕು."

"ಐದನೇ ಕ್ಲಾಸು!" ಆಟದ ಮೇಷ್ಟ್ರು ನಕ್ಕರು. "ನಿಮ್ಮ ಮಗಳು ಯಾವ ಕ್ಲಾಸು ಮೇಡಂ?"

ಹೆದರಿಕೊಂಡಿದ್ದ ಮಾತು ಬಂದೇ ಬಿಟ್ಟಿತು. ಬಂದ ಮೇಲೆ ಅದು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ.

"ಐದನೇದೇ. ನೋಡೋಕೆ ಹೋಗಿದ್ದು ನನ್ನ ಮಗಳನ್ನೇ. ಹೋದ ಮೇಲೆ ಪಕ್ಕದಲ್ಲಿ ನಿಂತಿದ್ದವರೂ ಕಂಡ್ರು, ಏನ್ಮಾಡ್ಲಿ? ಒಂದು ದಿನ ಊಟದ ಹೊತ್ತಿಗೆ ನೀವೂ ಬನ್ನಿ. ನಿಮಗೂ ಕಾಣಿಸ್ತಾರೆ."

ಯಜಮಾನರು ಈಗ ಮೊದಲ ಬಾರಿಗೆ ತಲೆ ಎತ್ತಿ ಒಬ್ಬರ ಮುಖ ನೋಡಿದರು. "ಎಲ್ಲರದೂ ಇದೇ ಮಾತಾ?"

ಹೆಡ್‌ಮಾಸ್ತರರು ಪೆನ್ನಿನ ಕ್ಯಾಪು ತೆಗೆದರು. "ಒಳ್ಳೇ ಯೋಚನೆ. ನೀವೇ ನೋಡ್ಕೊಳ್ಳಿ ಮೇಡಂ."

ಹೊರೆ ಒಂದು ತಲೆಯ ಮೇಲೆ ಕೂತದ್ದು ಕಂಡಿದ್ದೇ ತಡ, ಉಳಿದವರ ನಾಲಿಗೆ ಸಡಿಲವಾಯಿತು. ಹೌದು ಹೌದು, ಅದೇ ಬೇಕು, ನಾವೂ ಅದನ್ನೇ ಅನ್ನೋಣ ಅಂತಿದ್ದೆವು! ಅಷ್ಟು ಬೇಗ ಆ ಕೋಣೆಯಲ್ಲಿ ಒಮ್ಮತ ಎಂದೂ ಮೂಡಿರಲಿಲ್ಲ. ಸಂತೋಷದಲ್ಲಿ ವಿಜ್ಞಾನದ ಮೇಷ್ಟ್ರು ಮೈಮರೆತರು. "ಆದ್ರೆ ಸಾರ್, ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬೀಳುತ್ತೆ, ಚಾವಣಿ ಆ ಕಡೆ ಇಳಿಸಿ ಕಟ್ಬೇಕು..."

"ಒಳ್ಳೇ ಯೋಚನೆ. ನೀವೇ..."

"ಅಯ್ಯೋ!"

ಆಟದ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕು, "ಬೆಂಚು ಭದ್ರ ಇರ್ಲಿ, ನಮ್ಮ ಹುಡುಗ್ರು ಅದರ ಮೇಲೆ ಕುಣೀತಾರೆ" ಎಂದವರು ಅರ್ಧಕ್ಕೇ ಬಾಯಿಗೆ ಕೈ ಅಡ್ಡ ಹಿಡಿದರು. ಆದರೆ ಪೆನ್ನು ಆಗಲೇ ಓಡುತ್ತಿತ್ತು.

ಚಾವಣಿ ಎದ್ದಿತು, ಪಶ್ಚಿಮಕ್ಕೆ ಇಳಿಜಾರಾಗಿ. ಬೆಂಚುಗಳ ಮೇಲೆ ಆಟದ ಮೇಷ್ಟ್ರೇ ಕುಣಿದು ಪರೀಕ್ಷೆ ಮಾಡಿದರು. ಹತ್ತನೆಯವರು ಮೊದಲ ದಿನವೇ ಒಳ್ಳೆಯ ಜಾಗ ಹಿಡಿಯಲು ಬಂದಾಗ ಸಮಾಜ ಟೀಚರ್ ನಡುವೆ ನಿಂತು, ಚಿಕ್ಕವರು ಮೊದಲು ಎಂದಳು. ಗೋಡೆಯ ಆಸ್ತಿ ನಿಮಗೇ ಇರಲಿ ಎಂದಳು. ಗೊಣಗಿಕೊಂಡು ಹೋದರು.

ಅವಳ ಮಗಳು ಗೆಳತಿಯರ ನಡುವೆ ಕೂತು ಡಬ್ಬಿ ತೆರೆದಳು. ತನ್ನದರಲ್ಲಿ ಅರ್ಧ ಪಕ್ಕದವಳಿಗೆ ಹೋಯಿತು, ಪಕ್ಕದವಳದು ಇತ್ತ ಬಂತು, ಎದುರಿನವಳು ಕೇಳದೆಯೇ ಕೈ ಹಾಕಿದಳು. ಅಮ್ಮ ಮೇಜಿನ ತುದಿಯಲ್ಲಿ ನಿಂತು ಒಂದೊಂದು ತುತ್ತನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದಳು. ಮಾತು ನಿಂತಿತು. ಗೆಳತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಗಳು ಎದ್ದು ಬಂದಳು.

"ಟೀಚರ್."

"ಏನು ಪುಟ್ಟಾ?"

"ಪುಟ್ಟಾ ಅನ್ಬೇಡಿ. ನೀವು ಹಿಂಗೆ ನಿಂತು ನೋಡಿದ್ರೆ ನಮಗೆ ನುಂಗೋಕಾಗಲ್ಲ. ಆ ಕಡೆ ಹೋಗಿ, ಪ್ಲೀಸ್."

"ಯಾವ ಕಡೆ?"

"ಎಲ್ಲಾದ್ರೂ. ನೋಡ್ದೇ ಇದ್ರಾಯ್ತು."

ಅದೊಂದೇ ಅವಳಿಗೆ ಬಾರದ ವಿದ್ಯೆ. ಆದರೂ ಹೋದಳು. ಕೊನೆಯ ಕಂಬದ ಹತ್ತಿರ ಖಾಲಿಯಿದ್ದ ಬೆಂಚಿನ ಮೇಲೆ, ಮೇಜುಗಳಿಗೆ ಬೆನ್ನು ಹಾಕಿ, ಮೈದಾನದ ಗುಂಡಿಗಳ ಕಡೆ ಮುಖ ಮಾಡಿ ಕೂತು ತನ್ನ ಊಟ ಬಿಚ್ಚಿದಳು. ಹಿಂದೆ ಗದ್ದಲ ಮತ್ತೆ ಏರಿತು. ಯಾರೋ ಏನೋ ಅಂದರು, ಐದನೇ ತರಗತಿಯ ಬೆಂಚಿಗೆ ಬೆಂಚೇ ಕಿಸಕ್ಕೆಂದಿತು, ಅದರಲ್ಲಿ ಒಂದು ನಗು ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಬಾಯಲ್ಲಿ ತುತ್ತು ಇಟ್ಟುಕೊಂಡು ನಗಬಾರದು, ನೆತ್ತಿಗೆ ಹತ್ತುತ್ತದೆ ಎಂದು ಹೇಳಲು ಅವಳ ತಲೆ ತಾನಾಗಿ ತಿರುಗಲಿತ್ತು. ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡು ಅಗಿದಳು.

ಒಂದೇ ಒಂದು ಸಲ ತಿರುಗಿದಳು, ಅಷ್ಟೇ. ಮಗಳು ಆಗಲೇ ಹುಬ್ಬು ಗಂಟಿಕ್ಕಿಕೊಂಡು ಇತ್ತಲೇ ನೋಡುತ್ತಿದ್ದಳು.