ಬಿರುಕು ಬಿಡಬೇಕಾದ ಆಮೆ

ಮಣ್ಣು ಸುಡುವ ಕರೆಂಟ್ ಆವಿಗೆಯ ಬಾಗಿಲು ತೆಗೆದವಳಿಗೆ ಮೊದಲು ಬಂದದ್ದು ಅಳುವಲ್ಲ, ಗಂಡನ ಮೇಲೆ ಸಿಟ್ಟು. ಒಳಗೆ ಕೂತಿದ್ದ ಮಣ್ಣಿನ ಆಮೆ ಆಗ ತಾನೇ ಸ್ನಾನ ಮುಗಿಸಿ ಬಂದಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಅದು ಹಾಗೆ ಹೊಳೆಯಲೇಬಾರದಿತ್ತು. ಬತ್ತಿದ ಕೆರೆಯ ತಳದ ಹಾಗೆ ಮೇಲಿನ ಗ್ಲೇಜ್ ಒಡೆದು ಬಿಲ್ಲೆ ಬಿಲ್ಲೆಯಾಗಿ, ಸಂದಿಯಲ್ಲೆಲ್ಲ ಕೆಳಗಿನ ಕಂದು ಮಣ್ಣು ಕಾಣಬೇಕಿತ್ತು. ಮುದಿ ಆಮೆಯ ಚರ್ಮ ಅಂದರೆ ಅದು. ಬಂದದ್ದು ಹಸುಗೂಸಿನ ಕೆನ್ನೆ.

ಈ ಗ್ಲೇಜ್‌ಗಾಗಿ ಅವಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಮಾಮೂಲಿ ಗಾಜಿನ ಲೇಪಕ್ಕೆ ಒಂದು ಹಗುರವಾದ ಬಿಳಿ ಪುಡಿಯನ್ನು ಧಾರಾಳವಾಗಿ ಸೇರಿಸಿ ದಪ್ಪಗೆ ಬಳಿದರೆ ಒಣಗುವಾಗಲೇ ಅದು ಬಿರುಕು ಬಿಡುತ್ತದೆ. ಬೆಂಕಿಗೆ ಹೋದ ಮೇಲೆ ಆ ಬಿರುಕುಗಳೇ ಬಾಯಿ ಅಗಲಿಸಿಕೊಂಡು ಚರ್ಮವಾಗುತ್ತವೆ. ಅಂಗೈಯಗಲದ ಮಾದರಿ ಬಿಲ್ಲೆಗಳ ಮೇಲೆ ಪ್ರತಿಸಲವೂ ಸರಿಯಾಗಿಯೇ ಬರುತ್ತಿತ್ತು. ಅಂಥ ಒಂದು ಬಿಲ್ಲೆಯನ್ನು ನೋಡಿಯೇ ಮಕ್ಕಳ ಗ್ರಂಥಾಲಯದ ಮುಖ್ಯಸ್ಥೆ, ಅಂಗಳಕ್ಕೆ ಇಂಥದ್ದೇ ಚರ್ಮದ ದೊಡ್ಡ ಆಮೆ ಬೇಕು, ಮಕ್ಕಳು ಮುಟ್ಟಿ ಮುಟ್ಟಿ ನೋಡಬೇಕು ಎಂದಿದ್ದರು. ವರ್ಷಾನುಗಟ್ಟಲೆ ಕಪ್ಪು, ಹೂದಾನಿ ಮಾಡಿಕೊಂಡು, ಹೊಟ್ಟೆಪಾಡಿಗೆ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದವಳನ್ನು ಯಾರೋ ಮೊದಲ ಸಲ ಶಿಲ್ಪಿ ಎಂದು ಕರೆದಿದ್ದರು.

ಈಗ ಅದೇ ಮುಖ್ಯಸ್ಥೆ ಬಂದು ಆಮೆಯ ಸುತ್ತ ಒಂದು ಸುತ್ತು ಹಾಕಿ, ಪಾಪ, ಬಹಳ ಮೆತ್ತಗೆ, ಇದು ಕೈ ತೊಳೆಯುವ ಬೇಸಿನ್ನಿನ ಹಾಗಿದೆಯಲ್ಲ ಎಂದರು. ತಿಂಗಳ ಕೊನೆಗೆ ಅಂಗಳ ತೆರೆಯುತ್ತದೆ, ಅಷ್ಟರೊಳಗೆ ಆಗದಿದ್ದರೆ ಫೈಬರ್ ಆಮೆ ತರಿಸಿಬಿಡುತ್ತೇವೆ ಎಂದೂ ಹೇಳಿ ಹೋದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅವಳ ಮನೆಯಲ್ಲಿ ಬಿರುಕು ಬಿಡಬೇಕಾದದ್ದು ಯಾವುದೂ ಬಿಡುತ್ತಿರಲಿಲ್ಲ.

ದೊಡ್ಡ ಕೆಲಸವೆಂದು ಜೋಡಿ ಆಮೆ ಮಾಡಿಟ್ಟಿದ್ದಳು, ಒಂದು ಹೋದರೆ ಇನ್ನೊಂದಿರಲಿ ಅಂತ. ಇನ್ನೊಂದಿತ್ತು. ಆದರೆ ತಪ್ಪು ಎಲ್ಲಾಗಿದೆ ಎಂದೇ ಗೊತ್ತಿಲ್ಲದೆ ಅದಕ್ಕೆ ಹೇಗೆ ಕೈ ಹಚ್ಚುವುದು? ಮೊದಲನೆಯದಕ್ಕೆ ಗ್ಲೇಜ್ ಬಳಿದ ಸಂಜೆ ಅದರ ಮೈಮೇಲೆ ಬಿರುಕು ಮೂಡಿದ್ದನ್ನು ಅವಳೇ ಕಣ್ಣಾರೆ ಕಂಡು ಹಿಗ್ಗಿದ್ದಳು. ಮರುದಿನ ಬೆಳಿಗ್ಗೆ ಶಾಲೆಗೆ ಹೋದಳು. ಮಧ್ಯಾಹ್ನ ಊಟಕ್ಕೆ ಬಂದ ಗಂಡ, ಪಕ್ಕದ ಮನೆಯ ಬಡಗಿಯನ್ನು ಕರೆದುಕೊಂಡು ಆಮೆಯನ್ನು ಎತ್ತಿ ಆವಿಗೆಗಿಟ್ಟು ಸ್ವಿಚ್ ಹಾಕಿದ. ಅಂದಮೇಲೆ ತಪ್ಪು ಅವನದೇ. ಶಾಖ ಹೆಚ್ಚಿಟ್ಟಿದ್ದೀರಿ, ಎಲ್ಲ ಕರಗಿ ಮುಚ್ಚಿಕೊಂಡಿದೆ ಎಂದು ಬಾಯಿಗೆ ಬಂದಂತೆ ಅಂದಳು. ಅವನು ಬ್ಯಾಂಕಿನಲ್ಲಿ ಗಿರಾಕಿಗಳ ಬೈಗುಳ ಕೇಳಿ ಕೇಳಿ ಪಳಗಿದವನು. ನೀನು ಬರೆದುಕೊಟ್ಟ ಸಂಖ್ಯೆಯನ್ನೇ ಒತ್ತಿದೆ ಎಂದು ಒಂದೇ ಮಾತು ಹೇಳಿ ಟೀ ಕುಡಿದ. ಆಮೇಲೆ ಪುಡಿ ಮಾರಿದವನ ಸರದಿ, ಆಮೇಲೆ ನಲ್ಲಿ ನೀರಿನ ಸರದಿ. ಮತ್ತೆ ಮಾದರಿ ಬಿಲ್ಲೆಗಳನ್ನು ಸುಟ್ಟು ನೋಡಿದಳು. ಒಂದೊಂದೂ ಚೆಂದಕ್ಕೆ ಒಡೆದು ಬಂದು ಅವಳ ಹೊಟ್ಟೆ ಉರಿಸಿದವು.

ದಿನವೂ ಎಲ್ಲರೂ ಹೊರಗೆ ಹೋದ ಮೇಲೆ, ಅವಳು ಕೆಲಸ ಮಾಡುವ ಶೆಡ್ಡಿನ ಮೂಲೆಯ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿರುತ್ತಿದ್ದಳು. ತಾಯಿ ಹೋದ ಮೇಲೆ ಅವಳನ್ನು ಸಾಕಿದ್ದು ಈ ದೊಡ್ಡಮ್ಮನೇ, ಬೇಸಿನ್ ಕಾರ್ಖಾನೆಯಲ್ಲಿ ದುಡಿದು. ಬೇಸಿನ್ನುಗಳು ಬೆಂಕಿಗೆ ಹೋಗುವ ಮುಂಚೆ ದೊಡ್ಡಮ್ಮನ ಟೇಬಲ್ ದಾಟಿ ಹೋಗಬೇಕಿತ್ತು. ಒಣಗಿದ ಗ್ಲೇಜ್ ಮೇಲೆ ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಿನಿಂದ ಉಜ್ಜಿ ಉಜ್ಜಿ ಮುಚ್ಚುವುದು ಅವಳ ಕೆಲಸ. ಉಜ್ಜಿದ ಬೆರಳಿನ ಗೆರೆಗಳೆಲ್ಲ ಸವೆದು, ಈಗ ಫೋನು ಕೂಡ ಅವಳ ಗುರುತು ಹಿಡಿಯುತ್ತಿರಲಿಲ್ಲ. ಮಂಡಿ ಎರಡೂ ಕೈಕೊಟ್ಟಿದ್ದವು. ಕನ್ನಡಕ ಕೆಳಗೆ ಬಿದ್ದರೆ ಯಾರಾದರೂ ಬರುವ ತನಕ ಅದನ್ನೇ ನೋಡುತ್ತ ಕೂರಬೇಕು.

ಆಮೆಗೆ ಎಂಥ ಚರ್ಮ ಬರಬೇಕೆಂದು ಅವಳು ದೊಡ್ಡಮ್ಮನಿಗೆ ಹೇಳಿರಲಿಲ್ಲ, ಮೊದಲನೆಯದು ಹಾಳಾದ ಮಾತನ್ನೂ ಅವಳೆದುರು ಎತ್ತಿರಲಿಲ್ಲ. ಬಿರುಕು ಮುಚ್ಚಿ ತನ್ನನ್ನು ಸಾಕಿದವಳಿಗೆ, ಜನ ಬಿರುಕನ್ನೇ ಕೇಳಿ ಮಾಡಿಸಿಕೊಳ್ಳುತ್ತಾರೆ ಎಂದು ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳೋಣ ಎಂದು ಮುಂದೆ ಹಾಕುತ್ತಲೇ ಬಂದಿದ್ದಳು.

ಕಡೆಗೆ ಬೇರೆ ದಾರಿ ಕಾಣದೆ ಎರಡನೆಯ ಆಮೆಗೂ ಅದೇ ಗ್ಲೇಜ್ ಬಳಿದಳು. ಸಂಜೆ ಬಿರುಕು ಮೂಡಿತು. ಈ ಸಲ ಹಿಗ್ಗುವಷ್ಟು ಧೈರ್ಯ ಇರಲಿಲ್ಲ. ಬೆಳಿಗ್ಗೆ ಶಾಲೆಗೇನೋ ಹೋದಳು, ಆದರೆ ಜೀವ ತಡೆಯದೆ, ತಲೆನೋವೆಂದು ಸುಳ್ಳು ಹೇಳಿ ಮೊದಲ ಪಿರಿಯಡ್ಡಿಗೇ ವಾಪಸ್ ಬಂದಳು.

ಶೆಡ್ಡಿನ ಬಾಗಿಲಲ್ಲಿ ಗರ ಬಡಿದಂತೆ ನಿಂತುಬಿಟ್ಟಳು. ದೊಡ್ಡಮ್ಮ ಕುರ್ಚಿಯನ್ನು ಆಮೆಯ ಪಕ್ಕಕ್ಕೆ ಎಳೆದುಕೊಂಡು, ತುದಿನಾಲಿಗೆ ಕಚ್ಚಿಕೊಂಡು, ಅದರ ಬೆನ್ನು ಉಜ್ಜುತ್ತಿದ್ದಳು. ಅರ್ಧ ಬೆನ್ನು ಆಗಲೇ ನುಣ್ಣಗಾಗಿತ್ತು.

"ದೊಡ್ಡಮ್ಮ, ಕೈ ತೆಗಿ."

ಆ ದನಿ ಕೇಳಿ ದೊಡ್ಡಮ್ಮ ಬೆಚ್ಚಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಮೈ ತುಂಬ ಬಿರುಕು ಬಿಟ್ಟಿತ್ತು ಕಣೆ, ನೀನು ನೋಡಿರಲಿಲ್ಲ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನೆ ಸರಿ ಮಾಡ್ತಿದ್ದೆ. ಹೋದ ಸಲಾನೂ ಹಂಗೇ ಮಾಡ್ದೆ."

ಅವಳಿಗೆ ಪಿತ್ತ ನೆತ್ತಿಗೇರಿತು. ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೇ ಹೊರಬಿತ್ತು. ಆ ಬಿರುಕು ತಾನೇ ಬೇಕೆಂದು ಮಾಡಿದ್ದು, ಅದಕ್ಕಾಗಿ ನಿದ್ದೆಗೆಟ್ಟದ್ದು, ಅದಿಲ್ಲದೆ ಬೇಸಿನ್ ಅನ್ನಿಸಿಕೊಂಡದ್ದು, ಎಲ್ಲವನ್ನೂ ಅರಚಿದಳು. ಕೇಳದೆ ಯಾಕೆ ಮುಟ್ಟಿದೆ ಎಂದಳು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, ಬೇಕೂಂತ ಬಿರುಕಾ, ಎಂದು ಒಂದು ಸಲ ಕೇಳಿದಳು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಮನೆಯೊಳಗೆ ಹೋದಳು. ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ.

ಇನ್ನೂ ಸುಡದ ಗ್ಲೇಜ್ ಆದ್ದರಿಂದ ಒದ್ದೆ ಸ್ಪಂಜಿಗೆ ಬಿಟ್ಟುಕೊಂಡಿತು. ತೊಳೆದು, ಬಿಸಿಲಿಗಿಟ್ಟು, ಮತ್ತೆ ಬಳಿದು ಸುಟ್ಟಳು. ಆಮೆ ಅವಳು ಬಯಸಿದ ಹಾಗೇ ಬಂತು, ಇಂಚು ಇಂಚೂ ಮುದಿಯಾಗಿ. ಮುಖ್ಯಸ್ಥೆ ಅದರ ಬೆನ್ನಿನಿಂದ ಕೈ ತೆಗೆಯಲೇ ಇಲ್ಲ. ಲಾರಿಗೆ ಏರಿಸುವಾಗ ದೊಡ್ಡಮ್ಮ ಕಿಟಕಿಯಿಂದ ನೋಡಿ, ನನ್ನ ಟೇಬಲ್ ದಾಟಿ ಇದು ಹೋಗ್ತಿರಲಿಲ್ಲ ಎಂದಷ್ಟೇ ಹೇಳಿ ಒಳಗೆ ಸರಿದಳು.

ಲಾರಿ ಹೋದ ಮೇಲೆ ಅವಳು ಸುತ್ತಿಗೆ ಹಿಡಿದು ಮೊದಲನೆಯ ಆಮೆಯ ಹತ್ತಿರ ಬಂದಳು. ಅದು ಮೂಲೆಯಲ್ಲಿ ಹೊಳೆಯುತ್ತ ಕೂತಷ್ಟು ದಿನವೂ ತನ್ನನ್ನು ಅಣಕಿಸುತ್ತದೆ, ಪುಡಿ ಮಾಡಿಯೇ ತೀರುತ್ತೇನೆಂದು ಆಗಲೇ ತೀರ್ಮಾನಿಸಿದ್ದಳು. ಹೊಟ್ಟೆಯ ಕಡೆ ತೆಳು, ಅಲ್ಲಿ ಹೊಡೆದರೆ ಬೇಗ ಒಡೆಯುತ್ತದೆ ಎಂದು ಹೇಗೋ ಅದನ್ನು ಮಗುಚಿ ಹಾಕಿದಳು.

ಹೊಟ್ಟೆಯೂ ನುಣ್ಣಗಿತ್ತು. ಯಾರಿಗೂ ಕಾಣದ ಜಾಗವೆಂದು ಅವಳೇ ಅಲ್ಲಿ ಗ್ಲೇಜ್ ಅನ್ನು ಹೇಗೆಂದರೆ ಹಾಗೆ ದಪ್ಪಗೆ ಬಳಿದಿದ್ದಳು, ಬಿರುಕು ಅಲ್ಲೇ ಹೆಚ್ಚು ಬಿಟ್ಟಿರಬೇಕು. ಕಾಲುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೂಡ ಒಂದು ಗೆರೆಯಿರಲಿಲ್ಲ. ಆಮೆಯ ಹೊಟ್ಟೆ ನೆಲದಿಂದ ಮೊಳದಷ್ಟೂ ಮೇಲಿರಲಿಲ್ಲ. ಅಲ್ಲಿಗೆ ಬೆರಳು ಮುಟ್ಟಬೇಕಾದರೆ ಅಂಗಾತ ಮಲಗಿ ಕೆಳಗೆ ತೂರಬೇಕು. ಬಿದ್ದ ಕನ್ನಡಕಕ್ಕೂ ಬಗ್ಗಲಾರದ ದೊಡ್ಡಮ್ಮ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಈ ಸಿಮೆಂಟ್ ನೆಲದ ಮೇಲೆ ಮಲಗಿದ್ದಳು. ಮಲಗಿದ್ದು ಸರಿ, ಎದ್ದದ್ದು ಹೇಗೆ?

ಸುತ್ತಿಗೆ ಕೈಯಲ್ಲೇ ಉಳಿಯಿತು. ಅವಳಿಗೆ ಮತ್ತೆ ಸಿಟ್ಟು ಬಂತು, ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡುವುದಿಲ್ಲವಲ್ಲ ಈ ಮುದುಕಿ ಅಂತ. ಕಣ್ಣೊರೆಸಿಕೊಂಡು, ಒಬ್ಬಳಿಂದ ಆಗದೆ, ಆಮೆಯನ್ನು ಮತ್ತೆ ನೆಟ್ಟಗೆ ಕೂರಿಸಲು ಗಂಡನನ್ನು ಕೂಗಿದಳು.